ಹೂತ ಕೊಳವೆಯ ಎರಡು ಅಳತೆ

"ಗುರುಗಳೇ, ಹೋದ ವಾರ ನಾನು ಕೇಳಿದ್ದಕ್ಕೆ ಒಂದು ಉತ್ತರ ಕೊಟ್ಟಿರಿ. ನಿನ್ನೆ ಅದನ್ನೇ ಕೇಳಿದರೆ ಬೇರೆ ಉತ್ತರ ಕೊಟ್ಟಿರಿ. ನನಗೆ ತಲೆ ಕೆಟ್ಟುಹೋಗಿದೆ. ಎರಡರಲ್ಲಿ ನಿಜ ಯಾವುದು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಇಂಜಿನಿಯರ್ ಇದ್ದ. ಅವನಿದ್ದ ಪಟ್ಟಣಕ್ಕೆ ನೀರು ತರಲು ಉಕ್ಕಿನ ಕೊಳವೆಯನ್ನು ನೆಲದಲ್ಲಿ ಹೂತಿದ್ದರು. ಅದರ ಪಕ್ಕದಲ್ಲೇ ಮೈಲಿಗಟ್ಟಲೆ ಹೈಟೆನ್ಷನ್ ತಂತಿ ಹಾದುಹೋಗಿತ್ತು. ತಂತಿ ಕೊಳವೆಯನ್ನು ಮುಟ್ಟುವುದಿಲ್ಲ. ಆದರೂ ತಂತಿಯಲ್ಲಿ ಕರೆಂಟು ಹರಿದರೆ ಕೊಳವೆಯಲ್ಲೂ ಒಂದಿಷ್ಟು ಹುಟ್ಟುತ್ತದೆ. ಅದಕ್ಕೆ ಕೊಳವೆ ಒಡ್ಡುವ ತಡೆ ಎಷ್ಟೆಂದು ಗೊತ್ತಾದರೆ, ವಾಲ್ವಿನ ಚಕ್ರ ಹಿಡಿದವನ ಕೈಗೆ ಎಷ್ಟು ಹೊಡೆಯುತ್ತದೆ ಎಂದು ಲೆಕ್ಕ ಹಾಕಬಹುದು. ಆ ಲೆಕ್ಕ ಮಾಡಿ ಸಹಿ ಹಾಕುವ ಕೆಲಸ ಈ ಇಂಜಿನಿಯರನದು. ಸಹಿ ಬಿದ್ದ ಮೇಲೆ ನೀರು ಬಿಡಬೇಕು.

ಅವನು ಕೊಳವೆಗೆ ಸಣ್ಣ ಕರೆಂಟು ಬಿಟ್ಟು ಅಳೆದ. ತಡೆ ಕಡಿಮೆ ಬಂತು. ಮಾರನೇ ದಿನ ಅವನ ಮೇಲಧಿಕಾರಿ ಬಂದು ದೊಡ್ಡ ಕರೆಂಟು ಬಿಟ್ಟು ಅಳೆದ. ತಡೆ ಹೆಚ್ಚು ಬಂತು. ಇಂಜಿನಿಯರ್ ಮೀಟರನ್ನು ಬೈದ. ಮೀಟರ್ ಸರಿಯಾಗಿತ್ತು. ಮಣ್ಣು ಒಣಗಿತೇನೋ ಎಂದು ಅಗೆಸಿ ನೋಡಿದ. ಮಣ್ಣು ನಿನ್ನೆಯ ಹಾಗೆಯೇ ಇತ್ತು. ಕೊನೆಗೆ ತನ್ನ ಕಣ್ಣನ್ನೇ ಅನುಮಾನಿಸಿದ. ಪಾಪ, ಅವನ ತಪ್ಪೇನೂ ಇರಲಿಲ್ಲ. ಉಕ್ಕಿನ ಗುಣವೇ ಹಾಗೆ. ಎಷ್ಟು ಕರೆಂಟು ಹರಿಯುತ್ತದೋ ಅದಕ್ಕೆ ತಕ್ಕಂತೆ ಅದರ ತಡೆಯೂ ಬದಲಾಗುತ್ತದೆ.

ನನ್ನದು ನಿಜ, ನಿನ್ನದು ಸುಳ್ಳು ಎಂದು ಇಬ್ಬರೂ ಮೂರು ದಿನ ಜಗಳವಾಡಿದರು. ನಾಲ್ಕನೆಯ ದಿನ ಸಾಕಾಯಿತು. ಯಾರಿಗೂ ಬೇಜಾರಾಗದಿರಲಿ ಎಂದು ಎರಡನ್ನೂ ಕೂಡಿಸಿ ಅರ್ಧ ಮಾಡಿದರು. ಇಬ್ಬರ ಅಳತೆಯಲ್ಲೂ ಬಾರದ ಅಂಕಿಯೊಂದು ಕಾಗದದ ಮೇಲೆ ಕೂತಿತು. ಓದಿದವರೆಲ್ಲ ಚೆನ್ನಾಗಿದೆ ಎಂದರು.

ಇಂಜಿನಿಯರ್ ಸಹಿ ಹಾಕಲು ಕೂತಾಗ ಚಕ್ರ ತಿರುಗಿಸುವ ನೀರಗಂಟಿ ಬಂದು ಮೇಜಿನ ಮುಂದೆ ನಿಂತ. ಅವನ ಮುಖದಲ್ಲಿ ಭಯವಿತ್ತು.

"ಸಾಹೇಬ್ರೇ, ನಾಳೆ ಬೆಳಿಗ್ಗೆ ಚಕ್ರ ಹಿಡಿಯೋನು ನಾನು. ಇಷ್ಟೊಂದು ಅಂಕಿ ಬರ್ದಿದೀರಲ್ಲ, ತಂತೀಲಿ ಎಷ್ಟು ಕರೆಂಟು ಬಂದ್ರೆ ನನ್ ಜೀವ ಹೋಗುತ್ತೆ?"

ಇಂಜಿನಿಯರ್ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಹುಡುಕಿದ. ಮತ್ತೆ ಮೊದಲಿನಿಂದ ಹುಡುಕಿದ. "ಅದನ್ನ ನಾವು ನೋಡೇ ಇಲ್ಲ ಕಣಪ್ಪ" ಎಂದ. ಅವನಿಗೆ ನಾಚಿಕೆಯಾಯಿತು. ಅಂದು ಸಹಿ ಬೀಳಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನ ಗೊಂದಲ ಮೊದಲಿಗಿಂತ ಹೆಚ್ಚಾಗಿತ್ತು.

"ಅದೆಲ್ಲ ಸರಿ ಗುರುಗಳೇ, ಆದರೆ ಇಬ್ಬರಲ್ಲಿ ಯಾರ ಅಳತೆ ನಿಜ?"

"ನಾಳೆ ಬೆಳಿಗ್ಗೆ ಆ ಚಕ್ರ ಹಿಡಿಯಬೇಕಾದವನು ನೀನೇ ಎಂದುಕೊಂಡು ಇನ್ನೊಮ್ಮೆ ಕೇಳು" ಎಂದರು ಗುರುಗಳು.