ಅಡಿವೆಪ್ಪನ ವ್ರತ

ಹೊಳೆಯ ದಂಡೆಗೆ ಒಂದು ಮಠವಿತ್ತು. ಅದರ ಜಾಗಟೆ ಬಾರಿಸಿದರೆ ಆಚೆ ದಂಡೆಯ ಎಮ್ಮೆಗಳು ಕರು ಬಿಡುವ ಮೊದಲೇ ಹಾಲು ಸುರಿಸುತ್ತಿದ್ದವು, ಮೊಸಳೆಗಳು ನೀರಿನಿಂದ ತಲೆ ಎತ್ತಿ ಕೈ ಮುಗಿಯುತ್ತಿದ್ದವು. ಇದರಲ್ಲಿ ಕೂದಲೆಳೆಯಷ್ಟೂ ಹೆಚ್ಚಿಗೆ ಸೇರಿಸಿಲ್ಲ.

ಅಂಥ ಜಾಗಟೆ ಬಾರಿಸುವ ಹೊತ್ತಿಗೆ ಒಬ್ಬನೇ ಒಬ್ಬ ಎರಡೂ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದ. ಅವನು ಅಡಿವೆಪ್ಪ. ನಲವತ್ತರ ಹತ್ತಿರದ ಆಳು. ಶಿಷ್ಯನಾಗಿ ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು.

ಅಡಿವೆಪ್ಪ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಮುಖ ನೋಡಿದರೆ ಅವನಿಗೆ ಮಾತು ಕೇಳಿಸುತ್ತಿರಲಿಲ್ಲ. ಮಾತು ಕೇಳಬೇಕೆಂದರೆ ಮುಖ ಬಿಡಬೇಕಿತ್ತು.

ತಾಟಿನಲ್ಲಿ ಪಲ್ಯ ರೊಟ್ಟಿಗೆ ತಾಗಿದರೆ ಗಂಟಲು ಮುಚ್ಚಿಕೊಳ್ಳುತ್ತಿತ್ತು. ಮೊದಲು ಬರೀ ರೊಟ್ಟಿ. ಆಮೇಲೆ ಬರೀ ಪಲ್ಯ. ಅದೂ ಕಂಬದ ಹಿಂದೆ ಒಬ್ಬನೇ ಕೂತು.

ಹುಟ್ಟಿದ ಊರಲ್ಲಿ ಇದಕ್ಕೆಲ್ಲ ಅವನನ್ನು 'ಅರೆಹುಚ್ಚ' ಎಂದು ಕರೆದೇ ಬೆಳೆಸಿದ್ದರು.

ಮಠಕ್ಕೆ ಬಂದ ಮೊದಲ ವಾರ ದ್ಯಾವಪ್ಪನೆಂಬ ಭಕ್ತ ಕೇಳಿದ: "ಯಾಕ್ರಿ, ಹಿಂಗ ಒಂದೊಂದ ಉಣ್ತೀರಿ?"

ಅಡಿವೆಪ್ಪ ನಾಚಿ ನೆಲ ನೋಡಿದ. ಬಾಯಿಗೆ ಬಂದದ್ದು ಒಂದೇ ಮಾತು.

"ವ್ರತ."

ಮುಗಿಯಿತು. ದ್ಯಾವಪ್ಪನ ಬಾಯಿಗೆ ಬಿದ್ದ ಮಾತು ಏಳು ಹಳ್ಳಿ ಸುತ್ತಿ, ಮೈ ತುಂಬಿಕೊಂಡು ತಿರುಗಿ ಬಂತು.

"ಕಿವಿ ಯಾಕ ಮುಚ್ತಾರ ಗೊತ್ತೇನು? ಒಳಗ ಓಂಕಾರ ಕೇಳತೈತಿ! ಕಣ್ಣೆತ್ತಿ ಯಾಕ ನೋಡೂದಿಲ್ಲ? ನೋಡಿದ್ರ ಎದುರಿನಾಂವ ಸುಟ್ಟು ಬೂದಿ! ಹ್ವಾದ ವರ್ಷ ಒಂದು ಬೇವಿನ ಗಿಡ ನೋಡಿದ್ರು, ಮೂರು ದಿನ ಹೊಗಿ ಆಡಿತು!"

ಜನ ಕಾಲಿಗೆ ಬೀಳತೊಡಗಿದರು. ಅಡಿವೆಪ್ಪನ ಮೈಯೆಲ್ಲ ಮುಳ್ಳಾಗುತ್ತಿತ್ತು. ಸುಳ್ಳು ಎಂದು ಹೇಳಲು ಬಾಯಿ ತೆರೆಯುತ್ತಿದ್ದ. ಊರಿನ ಹಳೆಯ ಕೂಗು ನೆನಪಾಗಿ ಬಾಯಿ ಮುಚ್ಚುತ್ತಿದ್ದ. ಹನ್ನೊಂದು ವರ್ಷ ಹೀಗೇ.

ಮಠದ ಗುರು ಮುರಿಗೆಪ್ಪಜ್ಜನವರು ಈ ವಿಷಯದಲ್ಲಿ ಒಂದು ದಿನವೂ ತುಟಿ ಬಿಚ್ಚಿರಲಿಲ್ಲ.

ಪ್ರತಿ ಸೋಮವಾರ ಅಜ್ಜನವರು ಭಿಕ್ಷೆಗೆ ಹೋಗುವುದು ಮಠದ ನಡಾವಳಿ. ಮನೆ ಮನೆಯವರು ನೀಡಿದ್ದೆಲ್ಲ ಒಂದೇ ಬೋಗುಣಿಗೆ. ಅದನ್ನೇ ಕಲಸಿ ಪಂಕ್ತಿಗೆಲ್ಲ ಪ್ರಸಾದ; ಅಡಿವೆಪ್ಪನಿಗೆ ಮಾತ್ರ ಅವತ್ತು ಬರೀ ಮಜ್ಜಿಗೆ. ಒಂದು ಸೋಮವಾರ ಅಜ್ಜನವರ ಮೊಣಕಾಲು ಬಾತುಕೊಂಡಿತು.

"ಅಡಿವೆಪ್ಪಾ, ನೀ ಹೋಗಿ ಬಾ."

ಅವನು ಬೋಗುಣಿ ಹಿಡಿದು ಹೊರಟ. ನಾಲ್ಕು ಮನೆಯಲ್ಲಿ ದೇವರ ದಯೆಯಿಂದ ಬರೀ ರೊಟ್ಟಿಯೇ ಬಿತ್ತು. ಐದನೆಯದು ಮಠದ ಬೆನ್ನಿಗೇ ಇದ್ದ ಕಾಶವ್ವನ ಮನೆ.

ಕಾಶವ್ವನ ತೊಟ್ಟಿಲ ಕೂಸು ಆರು ತಿಂಗಳ ಹಿಂದೆ ತೀರಿಹೋಗಿತ್ತು. ಅವಳ ಕೈಗುಣವೇ ಸರಿಯಿಲ್ಲ ಎಂದು ಓಣಿಯಲ್ಲಿ ಪಿಸುಮಾತು ಎದ್ದಿತ್ತು. ಮಠಕ್ಕೆ ನೀಡಿದರೆ ಆ ಮಾತು ನಿಂತೀತೆಂದು ಅವಳು ಬೆಳಗಿನಿಂದ ಹೊಸ್ತಿಲಲ್ಲಿ ಕಾದು ನಿಂತಿದ್ದಳು.

ಬೇಯಿಸಿದ ಜೋಳದ ಬಿಸಿ ನುಚ್ಚನ್ನು ಸವಟಿನ ತುಂಬ ತೆಗೆದು ರೊಟ್ಟಿಯ ಮೇಲೆ ಸುರಿಯಹೋದಳು.

ಅಡಿವೆಪ್ಪನ ಕೈ ತಾನಾಗಿಯೇ ಬೋಗುಣಿಯನ್ನು ಹಿಂದಕ್ಕೆ ಎಳೆದುಕೊಂಡಿತು. ನುಚ್ಚು ಹೊಸ್ತಿಲ ಮೇಲೆ ಚೆಲ್ಲಿತು.

"ಯಾಕ್ರೀ ಎಪ್ಪಾ? ನನ್ನ ಕೈದು ಬ್ಯಾಡೇನ್ರಿ?"

ಅವನು ಅವಳ ಮುಖ ನೋಡಲಿಲ್ಲ. ಕಾಲ ಮೇಲೆ ಸಿಡಿದ ನುಚ್ಚನ್ನು ನೋಡಿದ.

"ವ್ರತ," ಅಂದು ಬಿರಬಿರನೆ ನಡೆದುಬಿಟ್ಟ.

ಮೂರು ದಿನಕ್ಕೆ ದ್ಯಾವಪ್ಪ ಪಂಕ್ತಿಯಲ್ಲಿ ಕೂತು ಕಥೆ ಬಿಚ್ಚಿದ.

"ಆಕಿ ಕೈಯಾಗ ಏನೋ ಐತಿ ಅಂತ ಇವ್ರಿಗೆ ನೋಡದನ ತಿಳೀತು! ನಿನ್ನೆ ಮ್ಯಾಗಲ ಓಣ್ಯಾಗ ತೊಟ್ಟಲ ಕಾರ್ಯ ಇತ್ತು. ಆಕಿಗೆ ಒಳಗ ಬರಬ್ಯಾಡ ಅಂದ್ರು. ಛಲೋ ಆತು, ಕೂಸು ಉಳೀತು!"

ಅಡಿವೆಪ್ಪನ ಬಾಯೊಳಗಿನ ರೊಟ್ಟಿ ಮಣ್ಣಾಯಿತು. ಎದ್ದು ಹೊಳೆ ದಂಡೆಗೆ ಹೋದ. ಅಜ್ಜನವರು ಕಲ್ಲಿನ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಅಜ್ಜಾರ, ನನಗೊಂದು ಪ್ರಾಯಶ್ಚಿತ್ತ ಕೊಡ್ರಿ."

"ಏನು ಮಾಡಿದಿ?"

"ಏನೋ ಒಂದು ತಪ್ಪು ಮಾಡೀನ್ರಿ."

"ಏನೋ ಒಂದು ತಪ್ಪಿಗೆ ಏನೋ ಒಂದು ಪ್ರಾಯಶ್ಚಿತ್ತ. ಹೊಳ್ಯಾಗ ಮುಳುಗೇಳು, ಹೋಗು."

"ಎಷ್ಟು ಸಲ ಮುಳುಗಲ್ರಿ?"

"ತಪ್ಪು ತೊಳದು ಹೋಗೂತನ."

ಬೇರೆಯವರಾಗಿದ್ದರೆ ಮೂರು ಸಲ ಮುಳುಗಿ ಬರುತ್ತಿದ್ದರು. ಅಡಿವೆಪ್ಪ ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಸೂರ್ಯ ಹೊಳೆ ದಾಟಿ ಇಳಿಯುವತನಕ ಮುಳುಗಿದ, ಎದ್ದ, ಮುಳುಗಿದ. ತುಟಿ ನೀಲಿಗಟ್ಟಿತು. ಮೀನುಗಳಿಗೇ ಬೇಸರ ಬಂದು ಕೆಳಗಿನ ಮಡುವಿಗೆ ಹೋದವು.

"ಹೋತೇನು?" ಅಜ್ಜನವರು ಕೇಳಿದರು.

"ಇಲ್ರಿ."

"ಹಂಗಾರ ಅದು ನೀರಿಗೆ ಹೋಗೂ ತಪ್ಪಲ್ಲ. ಮ್ಯಾಲೆ ಬಾ, ಥಂಡಿ ಆಗತೈತಿ."

ಮರುದಿನ ಅಡಿವೆಪ್ಪ ತಾನೇ ಒಂದು ಪ್ರಾಯಶ್ಚಿತ್ತ ಹುಡುಕಿಕೊಂಡ. ರೊಟ್ಟಿ, ಪಲ್ಯ, ಅನ್ನ, ಸಾರು, ಮಜ್ಜಿಗೆ ಎಲ್ಲವನ್ನೂ ಒಂದೇ ತಾಟಿನಲ್ಲಿ ಕಲಸಿ, ಕಣ್ಣು ಮುಚ್ಚಿ ಬಾಯಿಗೆ ತುರುಕಿಕೊಂಡ. ಎರಡನೇ ತುತ್ತಿಗೆ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡ. ತಿರುಗಿ ಬಂದು ಮತ್ತೆ ಕೂತ.

ಅಜ್ಜನವರು ಕುಂಟುತ್ತ ಬಂದು ತಾಟು ಕಸಿದುಕೊಂಡು ನಾಯಿಗೆ ಹಾಕಿದರು.

"ಆಕಿ ಕೈ ಮ್ಯಾಲಿನ ಮಾತು ಅಳಸಾಕ ನಿನ್ನ ಹೊಟ್ಟಿ ಯಾಕ ಕೆಡಸ್ಕೊತಿ?"

ಅಡಿವೆಪ್ಪನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅಜ್ಜನವರಿಗೆ ಎಲ್ಲ ಗೊತ್ತಿತ್ತು.

"ಅಜ್ಜಾರ, ನೀವ ಹೇಳಿಬಿಡ್ರಿ ಮಂದಿಗೆ."

"ನಾನು ಏನೂ ಚೆಲ್ಲಿಲ್ಲಲ್ಲಪಾ," ಎಂದು ಅವರು ಕುಂಟುತ್ತ ಹೋದರು.

ಮುಂದಿನ ಸೋಮವಾರ ಬಂತು. ಮಠದ ಪಂಕ್ತಿಗೆ ನೂರು ಜನ ಕೂತಿದ್ದರು. ಅಜ್ಜನವರು ಮೊದಲ ತುತ್ತು ಬಾಯಿಗಿಡದೆ ಯಾರೂ ತಾಟು ಮುಟ್ಟುವಂತಿರಲಿಲ್ಲ. ಅವರು ತುತ್ತು ಎತ್ತಿದ್ದರು.

ಆಗ ಬಾಗಿಲ ಹೊರಗಿನಿಂದ ಒಂದು ದನಿ ಬಂತು.

"ಅಜ್ಜಾರ, ನಾ ಒಳಗ ಬರೂದಿಲ್ಲ. ಒಂದು ಮಾತು ಕೇಳಿ ಹೋಗ್ತೀನಿ." ಕಾಶವ್ವ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. "ನನ್ನ ಕೈಯಾಗ ಏನೈತಿ? ನನ್ನ ಕೂಸು ನನ್ನ ಕೈಲೇ ಹೋತೇನು? ವ್ರತದವರಿಗೆ ತಿಳದೈತಂತ. ಅವ್ರನ್ನ ಕೇಳಿ ಹೇಳ್ರಿ."

ಅಜ್ಜನವರು ಅಡಿವೆಪ್ಪನ ಕಡೆ ನೋಡಲಿಲ್ಲ. ಎತ್ತಿದ ತುತ್ತನ್ನು ತಾಟಿನಲ್ಲಿ ಇಟ್ಟರು. ಕೈ ಮಡಚಿ ಕೂತರು.

ನೂರು ಜನವೂ ಕೈ ಮಡಚಿದರು. ಸಾರಿನ ಹಬೆ ಆರಿತು. ನೊಣ ಬಂದವು. ಯಾರೋ ಗೊಣಗಿದರು, "ಏನಾತು? ಯಾತಕ್ಕ ಕಾಯಾಕತ್ತೀವಿ?"

ಯಾತಕ್ಕೆಂದು ಕಂಬದ ಹಿಂದೆ ಕೂತವನಿಗೆ ಮಾತ್ರ ಗೊತ್ತಿತ್ತು.

ಅಡಿವೆಪ್ಪ ಎದ್ದು ನಿಂತ. ಬೆರಳುಗಳು ತೊಡೆಯ ಮೇಲೆ ಟಪಟಪ ಬಡಿದುಕೊಳ್ಳುತ್ತಿದ್ದವು. ಹಾಗಾಗುವುದನ್ನು ಅವನು ಯಾವಾಗಲೂ ಧೋತರದಲ್ಲಿ ಮರೆಮಾಡುತ್ತಿದ್ದ. ಅವತ್ತು ಮರೆಮಾಡಲು ಬುದ್ಧಿ ಓಡಲಿಲ್ಲ.

"ಕಾಶವ್ವನ ಕೈಯಾಗ ಏನೂ ಇಲ್ಲ," ಅಂದ. "ನುಚ್ಚು ರೊಟ್ಟಿ ಮ್ಯಾಲೆ ಬೀಳತಿತ್ತು. ಎರಡು ಕೂಡಿದ್ರ ನನಗ ನುಂಗಾಕ ಆಗೂದಿಲ್ಲ. ಸಣ್ಣಾಂವ ಇದ್ದಾಗಿಂದ ಹಂಗ. ಅದು ವ್ರತ ಅಲ್ಲ. ನನಗ ಯಾವ ವ್ರತಾನೂ ಇಲ್ಲ."

ಪಂಕ್ತಿಯವರೆಲ್ಲ ಕಂಬದ ಕಡೆ ತಿರುಗಿದರು.

"ಜಾಗಟಿ ಸಪ್ಪಳ ಕಿವ್ಯಾಗ ಮೊಳಿ ಹೊಡದಂಗ ಆಗತೈತಿ. ಅದಕ್ಕ ಓಡ್ತೀನಿ. ಓಂಕಾರ ನನಗ ಎಂದೂ ಕೇಳಿಲ್ಲ. ನಗ್ತೀರಿ ಅಂತ ಸುಳ್ಳು ಹೇಳಿದೆ."

"ಮತ್ತ ಆ ಬೇವಿನ ಗಿಡ?" ಒಬ್ಬ ಕೇಳಿದ.

"ಆ ಗಿಡ ಎಲ್ಲೈತಿ ಅಂತನೂ ನನಗ ಗೊತ್ತಿಲ್ಲ."

ನಗುತ್ತಾರೆಂದು ಅವನು ಕತ್ತು ಬಗ್ಗಿಸಿ ಕಾದ. ಯಾರೂ ನಗಲಿಲ್ಲ. ದ್ಯಾವಪ್ಪ ಕಣ್ಣೀರು ಒರೆಸಿಕೊಳ್ಳುತ್ತ ಎದ್ದ.

"ಕೇಳಿದ್ರೇನಪಾ! ಒಬ್ಬ ಹೆಣ್ಮಗಳ ಮಾನ ಉಳಿಸಾಕ ತಮ್ಮ ತಪಸ್ಸನ್ನ ಸುಳ್ಳಂತಾರ! ಇಂಥಾ ದೊಡ್ಡತನ ಯಾವ ಮಠದಾಗ ಐತಿ?"

ಜನ ಹೌದೌದೆಂದು ಕೈ ಮುಗಿದರು. ನಕ್ಕಿದ್ದರೆ ಅಡಿವೆಪ್ಪ ಇಷ್ಟು ನಾಚುತ್ತಿರಲಿಲ್ಲ.

ಕಾಶವ್ವ ಮಾತ್ರ ಕೈ ಮುಗಿಯಲಿಲ್ಲ. ಬಡಿದುಕೊಳ್ಳುತ್ತಿದ್ದ ಅವನ ಬೆರಳುಗಳನ್ನೇ ನೋಡುತ್ತಿದ್ದಳು.

"ಅಂದ್ರ ಬರೇ ನುಚ್ಚಾದ್ರ ಉಣ್ತೀರೇನ್ರಿ?"

"ಉಣ್ತೀನಿ. ಬಿಸಿ ಇರಬೇಕು. ಮಜ್ಜಿಗಿ ಬ್ಯಾರೆ."

"ಉಪ್ಪು?"

"ಕುದಿಯೂ ಮುಂದ ಹಾಕಿರಬೇಕು. ಮ್ಯಾಲೆ ಹರಳು ಕಾಣಬಾರ್ದು."

ಕಾಶವ್ವನ ಸೆರಗಿನಿಂದ ಕೈ ಹೊರಗೆ ಬಂತು. ಸೊಂಟದ ಮೇಲೆ ಕೂತಿತು.

"ಇಷ್ಟು ಹೇಳಾಕ ಎಂಟು ದಿನ ಬೇಕಾತೇನೋ ನಿನಗ? ಎಂಟು ದಿನ ನಾ ನನ್ನ ಕೈ ನೋಡ್ಕೊಂತ ಕುಂತಿದ್ದೆ, ಭಾಡ್ಯಾ!"

ಹನ್ನೊಂದು ವರ್ಷದಲ್ಲಿ ಅವನನ್ನು ಆ ಮಠದಲ್ಲಿ ಯಾರೂ ಹಾಗೆ ಬೈದಿರಲಿಲ್ಲ. ಅವಳು ತಿರುಗಿ ಮನೆಗೆ ಹೋದಳು. ಅಜ್ಜನವರು ಕೈ ಮಡಚಿಯೇ ಕೂತಿದ್ದರು. ನೂರು ಹೊಟ್ಟೆಗಳು ಒಟ್ಟಿಗೆ ಗುಡುಗಿದ ಸದ್ದಿಗೆ ಆಚೆ ಊರಿನವರು ಮಳೆ ಬಂತೆಂದು ಕಾಳು ಒಳಗೆ ತೆಗೆದಿಟ್ಟರಂತೆ.

ಕಾಶವ್ವ ಬಂದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಪಂಕ್ತಿಯ ನಡುವೆಯೇ ನಡೆದು ಬಂದಳು. ಒಂದು ಬಟ್ಟಲಲ್ಲಿ ನುಚ್ಚು, ಇನ್ನೊಂದರಲ್ಲಿ ಮಜ್ಜಿಗೆ. ಕಂಬದ ಹಿಂದೆ ಇಡಲಿಲ್ಲ. ಅಜ್ಜನವರ ಎದುರಿಗೆ, ನೂರು ಜನರ ಕಣ್ಣಿಗೆ ಬೀಳುವಂತೆ ಇಟ್ಟಳು. ಎರಡರ ನಡುವೆ ಗೇಣು ಜಾಗ ಬಿಟ್ಟಳು.

ಅಡಿವೆಪ್ಪ ಬಂದು ಕೂತ. ಕೈ ಏಳಲಿಲ್ಲ.

"ಅಜ್ಜಾರ," ಪಿಸುಗುಟ್ಟಿದ, "ನಾ ಖರೇ ಹೇಳಿದೆ. ಯಾರೂ ನಂಬಲಿಲ್ಲ. ಇನ್ನೂ ಕೈ ಮುಗಿಯಾಕತ್ತಾರ. ಹೆಂಗ ಮಾಡ್ಲಿ?"

"ಯಾರ ಮನಿ ಮುಂದ ನುಚ್ಚು ಚೆಲ್ಲಿದ್ದಿ?"

"ಕಾಶವ್ವನ ಮನಿ ಮುಂದ್ರಿ."

"ಆಕಿ ನಂಬ್ಯಾಳ. ಉಣ್ಣು, ಆರಾಕತ್ತೈತಿ."