ಸಾವಿರಕಾಲಿ ಹುಳ ಠ ಆಗಿ ನಿಂತದ್ದು

ನನ್ನ ಮೀಸೆಯಾಣೆ, ಈಗ ಹೇಳುವುದರಲ್ಲಿ ಒಂದು ಮಾತೂ ಸುಳ್ಳಲ್ಲ ಮಕ್ಕಳೇ. "ಮೀಸೆ ಎಲ್ಲಿದೆ ಮಾಮಾ?" ಅಂತ ಕೇಳಬೇಡಿ. ಬೋಳಿಸಿದ ಮೀಸೆಗೂ ಒಂದು ಮರ್ಯಾದೆ ಇರುತ್ತದೆ.

ಆಗ ಲೋಕ ಇನ್ನೂ ಹೊಸದು. ಎಷ್ಟು ಹೊಸದು ಅಂದರೆ, ಬೆಟ್ಟ ಮುಟ್ಟಿದರೆ ಕೈಗೆ ಹಸಿಮಣ್ಣು ಅಂಟುತ್ತಿತ್ತು. ಸೂರ್ಯನಿಗೆ ದಾರಿಯೇ ಗೊತ್ತಿರಲಿಲ್ಲ. ದಿನಾ ಸಂಜೆ ಬಂದು, "ಮಾಮಾ, ಪಡುವಣ ಯಾವ ಕಡೆ?" ಅಂತ ನನ್ನನ್ನೇ ಕೇಳುತ್ತಿದ್ದ. ನಾನೂ ಬೇಸರ ಮಾಡಿಕೊಳ್ಳದೆ ತೋರಿಸುತ್ತಿದ್ದೆ.

ಅಕ್ಷರಗಳೂ ಹೊಸವೇ. ಹೊಳೆದಂಡೆಯ ಮರಳಿನಲ್ಲಿ ಹಾಲಜ್ಜಿ ಅನ್ನುವ ಮುದುಕಿ ಅವನ್ನು ಬೆರಳಿನಿಂದ ಬರೆಯುತ್ತಿದ್ದಳು. ಕಲಿಯುವವಳು ಒಬ್ಬಳೇ, ಅವಳ ಮೊಮ್ಮಗಳು ಕೆಂಚಿ. ಅಜ್ಜಿ ಬರೆಯುತ್ತಿದ್ದಳು, ಗಾಳಿ ಅಳಿಸುತ್ತಿತ್ತು, ಕೆಂಚಿ ಮರೆಯುತ್ತಿದ್ದಳು. ಮತ್ತೆ ಅಜ್ಜಿ ಬರೆಯುತ್ತಿದ್ದಳು, ಮತ್ತೆ ಗಾಳಿ ಅಳಿಸುತ್ತಿತ್ತು, ಮತ್ತೆ ಕೆಂಚಿ ಮರೆಯುತ್ತಿದ್ದಳು.

ಒಂದು ಬೆಳಿಗ್ಗೆ ಗಾಳಿಗೆ ಸಾಕಾಯಿತು. "ಅಳಿಸಿ ಅಳಿಸಿ ನನ್ನ ಸೊಂಟ ಬಿತ್ತು ಹಾಲಜ್ಜಿ. ಇವತ್ತು ಹೊತ್ತು ಮುಳುಗುವುದರೊಳಗೆ ಯಾವ ಅಕ್ಷರ ಈ ಹುಡುಗಿಯ ಮನಸ್ಸಿನಲ್ಲಿ ಕೂರುವುದಿಲ್ಲವೋ, ಅದನ್ನು ಕಡಲಾಚೆಗೆ ಹೊತ್ತುಕೊಂಡು ಹೋಗುತ್ತೇನೆ. ವಾಪಸು ತರುವುದಿಲ್ಲ, ನೋಡು!"

ಅಜ್ಜಿ ಕಾಡಿನ ಕಡೆ ತಿರುಗಿ ಕೂಗಿದಳು. "ಬನ್ರಪ್ಪಾ! ಬರೀ ನೋಡಿದ್ದು ಮರೆತುಹೋಗುತ್ತೆ, ಬೆರಳಲ್ಲಿ ತಿದ್ದಿದ್ದು ಮರೆಯೋದಿಲ್ಲ. ಒಬ್ಬೊಬ್ಬರು ಒಂದೊಂದು ಅಕ್ಷರದ ಹಾಗೆ ನಿಂತ್ಕೊಳ್ಳಿ. ಕೆಂಚಿ ನಿಮ್ಮ ಮೈಮೇಲೆ ಮೂರು ಸಲ ತಿದ್ದುತ್ತಾಳೆ. ಅಲ್ಲಿತನಕ ಅಲುಗಾಡಬಾರದು."

ಬಂದವು ನೋಡಿ ಸಾಲುಸಾಲಾಗಿ! ಬೆಟ್ಟಕ್ಕೆ ಗುದ್ದಿ ಒಂದು ಕೊಂಬು ಮುರಿದುಕೊಂಡಿದ್ದ ಮೇಕೆ, ಕಾಲು ಅಗಲಿಸಿ ನಿಂತು ಗ ಆಯಿತು. ಕುಂಬಳಕಾಯಿ ತೊಟ್ಟಿನ ಸಮೇತ ಉರುಳಿ ಬಂದು ರ ಆಯಿತು. ಬಾತುಕೋಳಿ ಕತ್ತನ್ನು ಬೆನ್ನ ಮೇಲೆ ಬಾಗಿಸಿ ಲ ಆಯಿತು. ಕೆಂಚಿ ತಿದ್ದಿದಳು, ತಿದ್ದಿದಳು, ತಿದ್ದಿದಳು. ತಿದ್ದಿದ್ದೆಲ್ಲ ಮನಸ್ಸಿನಲ್ಲಿ ಕೂತಿತು.

ಸಂಜೆ ಹೊತ್ತಿಗೆ ಉಳಿದದ್ದು ಒಂದೇ ಅಕ್ಷರ. ಠ.

"ಹೋದರೆ ಹೋಗಲಿ ಬಿಡಜ್ಜಿ," ಅಂದಿತು ಬಾತುಕೋಳಿ. "ಅದು ಹೋದರೆ ಪಾಠ ಹೋಗುತ್ತೆ, ಅಷ್ಟೇ ತಾನೆ?"

ನಾನು ಚಪ್ಪಾಳೆ ತಟ್ಟಿದೆ. ಅಜ್ಜಿ ನನ್ನನ್ನು ದುರುಗುಟ್ಟಿ ನೋಡಿದಳು. "ಹಠವೂ ಹೋಗುತ್ತೆ, ತಿಳ್ಕೊಳ್ಳಿ."

ಕೆಂಚಿ ಮರಳಿನಲ್ಲಿ ಧೊಪ್ಪನೆ ಕೂತು ಕಾಲು ಬಡಿದಳು. "ನಂಗೆ ಹಠ ಬೇಕೇ ಬೇಕು!" ಆಮೇಲೆ ಮೆತ್ತಗೆ ಕೇಳಿದಳು: "ಅಜ್ಜೀ, ಪಾಪ ಅದೊಂದೇ ಕಡಲಾಚೆ ಏನು ಮಾಡುತ್ತೆ? ಅಲ್ಲಿ ಅದಕ್ಕೆ ಯಾರು ಗೊತ್ತು?"

ಅಜ್ಜಿ ಮತ್ತೆ ಕಾಡಿನ ಕಡೆ ತಿರುಗಿ ಕೂಗಿದಳು.

ಮರದ ಮೇಲಿನ ಗೂಬೆ ಅರ್ಧ ನಿದ್ದೆಯಿಂದ ಇಳಿದು ಬಂತು. "ನನ್ನ ಕಣ್ಣು ನೋಡೇ ಹುಡುಗಿ. ಗುಂಡಗಿದೆ, ನಡುವೆ ಚುಕ್ಕೆ ಇದೆ, ಮೇಲೆ ಹುಬ್ಬೂ ಇದೆ. ಠ ಅಂದರೆ ನಾನೇ!"

ಕೆಂಚಿ ಬೆರಳು ಚಾಚಿದಳು. ಗೂಬೆ ಕಣ್ಣು ಮುಚ್ಚಿತು. ಇನ್ನೊಂದು ಸಲ ಚಾಚಿದಳು. ಇನ್ನೊಂದು ಸಲ ಮುಚ್ಚಿತು.

"ಕಣ್ಣಿಗೇ ಬೆರಳು ಹಾಕ್ತೀಯೇನೇ ತಾಯಿ!" ಅಂತ ಬೈಯುತ್ತ ಹಾರಿಹೋಯಿತು.

ಆಗ ತರಗೆಲೆಯ ಅಡಿಯಿಂದ ಒಂದು ಸಣ್ಣ ದನಿ ಬಂತು. "ಅಜ್ಜೀ... ನಾನು ಬರಲೇ?"

ಅದು ಸಾವಿರಕಾಲಿ. ನೀವು ಈಗ ರೈಲುಹುಳ ಅನ್ನುತ್ತೀರಲ್ಲ, ಅದೇ. ಆಗ ರೈಲು ಇರಲಿಲ್ಲ, ಅದಕ್ಕೆ ಹಾಗೆ ಕರೆಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಯಾರೂ ಅದನ್ನು ಕರೆಯುತ್ತಲೇ ಇರಲಿಲ್ಲ. ಕಂಡವರೆಲ್ಲ "ಛೀ, ಆ ಕಡೆ ಹೋಗು" ಅನ್ನುತ್ತಿದ್ದರು. ಅದು ಆ ಕಡೆ ಹೋಗುತ್ತಿತ್ತು.

"ಸಾವಿರ ಕಾಲಿಟ್ಟುಕೊಂಡು ಈಗ ಬಂದೆಯಾ?" ಬಾತುಕೋಳಿ ನಕ್ಕಿತು.

"ಒಂದೊಂದು ಕಾಲನ್ನೂ ಕೇಳಿ ಹೊರಡಿಸಬೇಕಲ್ಲಣ್ಣ," ಅಂದಿತು ಸಾವಿರಕಾಲಿ. ಆಮೇಲೆ ಮರಳಿನ ಮೇಲೆ ಮಲಗಿ, ತಲೆಯಿಂದ ಶುರುಮಾಡಿ ನಿಧಾನಕ್ಕೆ ಸುತ್ತಿಕೊಂಡಿತು. ಗುಂಡಗಾಯಿತು. ಅದರ ಪುಟ್ಟ ತಲೆ ನಟ್ಟನಡುವೆ ಚುಕ್ಕೆಯಾಗಿ ಕೂತಿತು. ಅಜ್ಜಿ ಒಂದು ಹುಲ್ಲುಕಡ್ಡಿ ಕಿತ್ತು ಅದರ ಮೇಲೆ ಇಟ್ಟಳು.

ಅಚ್ಚು ಠ!

ಅಷ್ಟರಲ್ಲಿ ಗಾಳಿ ಸೆರಗು ಕಟ್ಟಿಕೊಂಡು ಬಂದೇಬಿಟ್ಟಿತು. ಸೂರ್ಯ ದಾರಿ ಕೇಳಿದ. ನಾನು ಬೇಕೆಂತಲೇ ತಪ್ಪು ದಿಕ್ಕು ತೋರಿಸಿದೆ. ಪಾಪ, ಎರಡು ಹೆಜ್ಜೆ ಹೋಗಿ ವಾಪಸು ಬಂದ. ಅಷ್ಟು ಹೊತ್ತು ಸಿಕ್ಕಿತು.

ಕೆಂಚಿಯ ಬೆರಳು ಮಾತ್ರ ಸಾವಿರಕಾಲಿಯನ್ನು ಮುಟ್ಟದೆ ನಡುದಾರಿಯಲ್ಲೇ ನಿಂತಿತ್ತು.

"ಕಚ್ಚುತ್ತೀಯಾ?" ಕೇಳಿದಳು.

"ಇಲ್ಲ. ನೀನು ತುಳಿಯುತ್ತೀಯಾ?"

"ಇಲ್ಲ."

ಕೆಂಚಿ ಮುಟ್ಟಿದಳು. ಒಂದು ಸುತ್ತು ತಿದ್ದಿದಳು. ಸಾವಿರ ಕಾಲಿಗೂ ಒಟ್ಟಿಗೇ ಕಚಗುಳಿಯಾಯಿತು. ಸಾವಿರಕಾಲಿ ಕಿಲಕಿಲ ನಕ್ಕಿತು, ಆದರೆ ಅಲುಗಲಿಲ್ಲ. ಎರಡನೇ ಸುತ್ತು ತಿದ್ದಿದಳು, ಅಲುಗಲಿಲ್ಲ. ಮೂರನೇ ಸುತ್ತಿಗೂ ಅಲುಗಲಿಲ್ಲ.

ಗಾಳಿ ಕೈ ಕಟ್ಟಿ ನಿಂತಿತು. "ಎಲ್ಲಿ, ಈಗ ನೋಡದೆ ಬರಿ."

ಕೆಂಚಿ ಕಣ್ಣು ಮುಚ್ಚಿ ಮರಳಿನಲ್ಲಿ ಬರೆದಳು. ಒಂದು ಸುತ್ತು, ಒಂದು ಚುಕ್ಕೆ, ಮೇಲೊಂದು ಹುಲ್ಲುಕಡ್ಡಿ. ಗಾಳಿ ಅದನ್ನು ಅಳಿಸಿತು. ಕೆಂಚಿ ಮತ್ತೆ ಬರೆದಳು. ಮತ್ತೆ ಅಳಿಸಿತು. ಮತ್ತೆ ಬರೆದಳು.

"ಅಬ್ಬಾ, ಏನು ಹಠ!" ಅಂತ ಗಾಳಿ ಬರಿಗೈಯಲ್ಲಿ ಕಡಲಿನ ಕಡೆ ಹೋಯಿತು.

ಮೇಕೆ ಮೇಯಲು ಹೋಯಿತು. ಬಾತುಕೋಳಿ ನೀರಿಗಿಳಿಯಿತು. ಸಾವಿರಕಾಲಿ ಮಾತ್ರ ಅಲ್ಲೇ ಉಳಿಯಿತು. ಪಾಠ ಮುಗಿಯಿತು ಅಂತ ಅದಕ್ಕೆ ಹೇಳಲು ಎಲ್ಲರೂ ಮರೆತಿದ್ದರು.

ಅದಕ್ಕೇ ಮಳೆಗಾಲದಲ್ಲಿ ಅಂಗಳದ ಮೂಲೆಯಲ್ಲಿ ಹರಿದಾಡುವ ರೈಲುಹುಳ, ನಿಮ್ಮ ಬೆರಳು ತಾಗಿದ ಕೂಡಲೇ ಕೆಂಚಿಯೇ ತಿದ್ದಲು ಬಂದಳು ಅಂದುಕೊಂಡು, ಇವತ್ತಿಗೂ ಸುರುಳಿ ಸುತ್ತಿ ಠ ಆಗಿ ಕಾಯುತ್ತದೆ.

ಎಲ್ಲ ನಿಜ. ಒಂದು ಸಣ್ಣ ವಿಷಯ ಮಾತ್ರ ನಾನು ಸೇರಿಸಿದ್ದು. ಕೆಂಚಿ ಮುಟ್ಟಿದಾಗ ಅದು ನಕ್ಕಿತು ಅಂದೆನಲ್ಲ, ನಗಲಿಲ್ಲ. ಅದನ್ನು ಅಲ್ಲಿತನಕ ಯಾರೂ ಮುಟ್ಟಿರಲಿಲ್ಲ ಮಕ್ಕಳೇ. ಅದು ಅಳುತ್ತಿತ್ತು.