ಮೂರು ಕಾಲಿನ ಎತ್ತು

"ಅಜ್ಜಾರೇ, ನನ್ನ ಅಕ್ಷರ ಕೆಟ್ಟದಾಗಿದೆ. ಅವ್ವನಿಗೆ ಅಚ್ಚಿನ ಕಾಗದ ಕಳಿಸಿದರೆ ತಪ್ಪೇನು?" ಎಂದು ಚೆನ್ನಮಲ್ಲ ಕೇಳಿದ.

ಚೆನ್ನಮಲ್ಲ ಮಠದಲ್ಲಿ ಓದುವ ಶಿಷ್ಯ. ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಊರು ಬಿಟ್ಟು ಬಂದ ಮೇಲೆ ಚೆನ್ನಮಲ್ಲ ತಾಯಿಗೆ ಒಂದು ಸಾಲೂ ಬರೆದಿರಲಿಲ್ಲ. ತಾಯಿಯ ಕಡೆಯಿಂದ ಮಾತ್ರ ಬಂದುಹೋಗುವವರ ಬಾಯಲ್ಲಿ ಕೇಳಿಕೆ ಬರುತ್ತಲೇ ಇತ್ತು. ಮಗ ಹೇಗಿದ್ದಾನೆ, ಉಣ್ಣುತ್ತಾನೋ ಇಲ್ಲವೋ, ಒಂದು ಕಾಗದ ಹಾಕಲಿ, ಎಂದು.

"ಅಚ್ಚಿನ ಕಾಗದ ಅಂದರೆ?" ಎಂದರು ಅಜ್ಜಾರು.

ಚೆನ್ನಮಲ್ಲ ಮಡಿಲಿನಿಂದ ಒಂದು ಹಾಳೆ ತೆಗೆದ. ಪೇಟೆಯ ಅಂಗಡಿಯಲ್ಲಿ ಈಗ ಅಂಥವೇ ಸಿಗುತ್ತಿದ್ದವು. ಸುತ್ತ ಹೂಬಳ್ಳಿ, ಮೂಲೆಯಲ್ಲಿ ಗಿಳಿ, ನಡುವೆ ಮುತ್ತಿನಂಥ ಅಕ್ಷರದಲ್ಲಿ 'ನಾನು ಇಲ್ಲಿ ಕ್ಷೇಮ' ಎಂದು ಅಚ್ಚಾಗಿರುತ್ತಿತ್ತು. ಕೆಳಗೆ ಹೆಸರು ಬರೆದರೆ ಆಯಿತು. ಮಠದ ಹುಡುಗರೆಲ್ಲ ಅದನ್ನೇ ಕಳಿಸುತ್ತಿದ್ದರು.

ಅಜ್ಜಾರು ಹಾಳೆಯನ್ನು ತಿರುಗಿಸಿ ನೋಡಿದರು. "ಜ್ವರ ಬಂದು ಮಲಗಿದಾಗಲೂ ಇದನ್ನೇ ಕಳಿಸುವುದೋ?"

"ಅದು ಬೇರೆ ಮಾತು ಅಜ್ಜಾರೇ. ನಮ್ಮವ್ವನಿಗೆ ಓದು ಬರುವುದಿಲ್ಲ. ಶಾಲೆಯ ಮೇಷ್ಟ್ರ ಹತ್ತಿರ ಓದಿಸುತ್ತಾಳೆ. ನನ್ನ ಅಕ್ಷರ ನೋಡಿದರೆ ಮೇಷ್ಟ್ರು ನಗುತ್ತಾರೆ. ನನ್ನ ಕೈಯೇ ಮೊದಲಿನಿಂದ ಹಾಗೆ. ಚಿಕ್ಕವನಿದ್ದಾಗ ಅಡುಗೆಮನೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಆನೆ ಬರೆದಿದ್ದೆ. ಅದು ಇನ್ನೂ ಹಾಗೇ ಇದೆ. ಮನೆಗೆ ಬಂದವರೆಲ್ಲ, ಹಂದಿ ಚೆನ್ನಾಗಿದೆ ಅಂತ ಹೇಳಿ ಹೋಗುತ್ತಾರೆ."

ಅಜ್ಜಾರು ನಗಲಿಲ್ಲ. ಹಾಳೆಯನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಎತ್ತಿನ ಬೆನ್ನಿಗೆ ಕಂಬಳಿ ಹೇರಿಕೊಂಡು ದೂರದ ಊರುಗಳಿಗೆ ಹೋಗುತ್ತಿದ್ದ. ಹೋದರೆ ಬೇಗ ಬರುವವನಲ್ಲ. ಅವನ ಹೆಂಡತಿ ಊರಲ್ಲಿರುತ್ತಿದ್ದಳು. ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಹಾಗಂತ ಕಾಗದ ಬರೆಯುವುದನ್ನು ಬಿಟ್ಟವರಲ್ಲ. ಹೇಳಬೇಕಾದದ್ದನ್ನು ಚಿತ್ರ ಬರೆದು ಕಳಿಸುತ್ತಿದ್ದರು.

ವ್ಯಾಪಾರಿಗೆ ಚಿತ್ರವೂ ಬರುತ್ತಿರಲಿಲ್ಲ, ಅದು ಬೇರೆ. ಛತ್ರದ ಮೂಲೆಯಲ್ಲಿ ಕೂತು ಇದ್ದಿಲಿನ ಚೂರು ಹಿಡಿದು ಮೊದಲು ತನ್ನ ರುಮಾಲು ಬರೆಯುತ್ತಿದ್ದ. ಅದನ್ನು ದೊಡ್ಡದಾಗಿ ಬರೆಯುತ್ತಿದ್ದ. ಆಮೇಲೆ ಮೀಸೆ. ಆಮೇಲೆ ಹೊಟ್ಟೆ. ಎತ್ತಿನ ಪಾಳಿ ಬರುವ ಹೊತ್ತಿಗೆ ಕಾಗದವೇ ಮುಗಿದಿರುತ್ತಿತ್ತು. ಉಳಿದ ಮೂಲೆಯಲ್ಲಿ ಎತ್ತನ್ನು ಒತ್ತಿ ತುರುಕುತ್ತಿದ್ದ. ಯಾವ ಸಲವೂ ನಾಲ್ಕನೆಯ ಕಾಲಿಗೆ ಜಾಗ ಸಾಲುತ್ತಿರಲಿಲ್ಲ.

ಆ ಕಾಗದ ಗಾಡಿಯವರ ಕೈಯಲ್ಲಿ ಊರಿಗೆ ಬರುತ್ತಿತ್ತು. ಒಂದು ಗಾಡಿಯವನು ಇನ್ನೊಂದು ಗಾಡಿಯವನಿಗೆ ಕೊಡುತ್ತಿದ್ದ, ಅವನು ಮತ್ತೊಬ್ಬನಿಗೆ. ಕೊನೆಗೆ ತಂದು ಮುಟ್ಟಿಸಿದವನಿಗೆ ಕೊಟ್ಟವನ ಮುಖವೇ ಗೊತ್ತಿರುತ್ತಿರಲಿಲ್ಲ.

ಕಾಗದ ಬಂದರೆ ಹೆಂಡತಿ ಜಗುಲಿಯ ಮೇಲೆ ಕೂತು ಓದುವಳು. ನೆರೆಯ ಹೆಂಗಸರೆಲ್ಲ ಕೇಳಲು ಸೇರುವರು.

"ಮೀಸೆ ಮೇಲೆ ಹೋಗಿದೆ. ಕಂಬಳಿ ಖರ್ಚಾಗಿವೆ. ಇಲ್ಲಿ ನೋಡಿ ಎಣ್ಣೆ ಕಲೆ. ಮತ್ತೆ ಮೆಣಸಿನಕಾಯಿ ಬಜ್ಜಿ ತಿಂದಿದ್ದಾರೆ. ಹೊಟ್ಟೆಗೆ ಆಗುವುದಿಲ್ಲ ಅಂತ ಎಷ್ಟು ಹೇಳಿದರೂ ಅಷ್ಟೇ."

ಪಕ್ಕದ ಮನೆಯವಳು ಬಗ್ಗಿ ನೋಡುವಳು. "ಇದು ಎತ್ತೇನೇ ತಂಗಿ? ನನ್ನ ಕಣ್ಣಿಗೆ ಹೇನಿನ ಹಾಗೆ ಕಾಣುತ್ತದೆ."

"ಹೇನಾದರೆ ಹೇನು ಅಕ್ಕಾ. ನಮ್ಮ ಮನೆಯದೇ."

ಅವಳೂ ಉತ್ತರ ಬರೆಯುತ್ತಿದ್ದಳು. ಒಂದು ಹೊಟ್ಟೆ ಬರೆದು ಅದರ ಮೇಲೆ ಒಂದು ಲಟ್ಟಣಿಗೆ ಬರೆಯುತ್ತಿದ್ದಳು. ಅದು ಕೈಸೇರಿದ ದಿನದಿಂದ ವ್ಯಾಪಾರಿ ಬಜ್ಜಿಯ ಅಂಗಡಿಯ ಬೀದಿ ಬಿಟ್ಟು ಬೇರೆ ಬೀದಿಯಲ್ಲಿ ಓಡಾಡುತ್ತಿದ್ದ. ಹೀಗೆ ಅವರ ಸಂಸಾರ ನಡೆದಿತ್ತು.

ಒಂದು ಸಲ ವ್ಯಾಪಾರಿ ದೊಡ್ಡ ಪಟ್ಟಣಕ್ಕೆ ಹೋದ. ಅಲ್ಲಿನ ಛತ್ರದಲ್ಲಿ ರೇಷ್ಮೆ ವ್ಯಾಪಾರಿಗಳು ಇಳಿದಿದ್ದರು. ಇವನು ಕಾಗದ ಬರೆಯುವುದನ್ನು ಒಬ್ಬ ನೋಡಿದ. ಇನ್ನೊಬ್ಬನನ್ನು ಕರೆದ. ಕಾಗದ ಕೈಯಿಂದ ಕೈಗೆ ಹೋಯಿತು. ನಗು ಛತ್ರದ ಅಡುಗೆಮನೆಯವರೆಗೆ ಹೋಯಿತು.

"ಇದನ್ನು ಹೆಂಡತಿಗೆ ಕಳಿಸುತ್ತೀಯಾ? ಮರುದಿನವೇ ತವರಿಗೆ ಹೋದಾಳು ಮಾರಾಯ" ಎಂದನೊಬ್ಬ. "ಗುಡಿ ಬೀದಿಯಲ್ಲಿ ಒಬ್ಬ ಚಿತ್ರಗಾರ ಇದ್ದಾನೆ. ನಾವೆಲ್ಲ ಅವನ ಹತ್ತಿರವೇ ಬರೆಸುವುದು. ಈ ಕಾಲದಲ್ಲಿ ಯಾರು ತಾವೇ ಕೂತು ಗೀಚುತ್ತಾರೆ?"

ವ್ಯಾಪಾರಿಗೆ ನಾಚಿಕೆಯಾಯಿತು. ಬರೆದದ್ದನ್ನು ಹರಿದು ಒಲೆಗೆ ಹಾಕಿದ. ಚಿತ್ರಗಾರನ ಹತ್ತಿರ ಹೋದ.

ಚಿತ್ರಗಾರ ನಿಜವಾಗಿ ಒಳ್ಳೆಯ ಚಿತ್ರಗಾರ. ಅದನ್ನು ಇಲ್ಲವೆನ್ನಬಾರದು. ಗಟ್ಟಿ ಕಾಗದದ ನಟ್ಟನಡುವೆ ಎತ್ತನ್ನು ನಿಲ್ಲಿಸಿದ. ಕೊರಳಿಗೆ ಗಂಟೆ, ಕೊಂಬಿಗೆ ಬಣ್ಣ. ವ್ಯಾಪಾರಿಯನ್ನು ರಾಜಕುಮಾರನ ಹಾಗೆ ಬರೆದ. ಹೊಟ್ಟೆಯೇ ಇರಲಿಲ್ಲ. ಕೊನೆಯಲ್ಲಿ ಮೂಲೆಗೆ ಒಂದು ಹನಿ ಗಂಧದೆಣ್ಣೆ ಹಚ್ಚಿಕೊಟ್ಟ.

ವ್ಯಾಪಾರಿ ಅದನ್ನು ಗಾಡಿಯವನ ಕೈಗೆ ಕೊಟ್ಟ. ಹೆಂಡತಿ ಎಷ್ಟು ಹಿಗ್ಗುತ್ತಾಳೋ ಎಂದುಕೊಂಡು ಆ ಸಂತೋಷಕ್ಕೆ ಹೋಗಿ ಬಜ್ಜಿ ತಿಂದ.

ಊರಲ್ಲಿ ಹೆಂಡತಿ ಕಾಗದ ಬಿಚ್ಚಿದಳು. ನೋಡಿದಳು. ತಿರುಗಿಸಿ ನೋಡಿದಳು. ಮೂಗಿನ ಹತ್ತಿರ ಹಿಡಿದಳು. ಹಾಗೇ ಕಂಬಕ್ಕೆ ಒರಗಿ ಕೂತುಬಿಟ್ಟಳು.

"ಇದು ನಮ್ಮವರದಲ್ಲ."

"ಎಷ್ಟು ಚೆನ್ನಾಗಿದೆಯಲ್ಲೇ" ಎಂದಳು ಪಕ್ಕದ ಮನೆಯವಳು.

"ಅದಕ್ಕೇ ಅಂದದ್ದು ಅಕ್ಕಾ. ಎತ್ತಿಗೆ ನಾಲ್ಕು ಕಾಲಿವೆ. ರುಮಾಲು ಇಷ್ಟೇ ಇದೆ. ಎಣ್ಣೆ ಕಲೆ ಇಲ್ಲ. ಬರೆದವರು ಯಾರೋ ಪುಣ್ಯಾತ್ಮರು, ನಮ್ಮವರಿಗೆ ಏನೋ ಆಗಿರುವುದನ್ನು ನನಗೆ ಹೇಳಲಾರದೆ ಮುಚ್ಚಿಡುತ್ತಿದ್ದಾರೆ."

ಅಷ್ಟು ಸಾಕಾಯಿತು. ನೆರೆಯ ಹೆಂಗಸರು ಸೆರಗು ಕಣ್ಣಿಗೆ ಹಚ್ಚಿದರು. ಸುದ್ದಿ ವ್ಯಾಪಾರಿಯ ಅಣ್ಣನ ಮನೆಗೆ ಹೋಯಿತು. ಅಣ್ಣ ಬಂದ. ಚಿತ್ರ ನೋಡಿದ. ತಮ್ಮ ಇಷ್ಟು ಚಂದ ಇರಲಿಲ್ಲ ಎಂದು ಅವನೂ ಒಪ್ಪಿದ. ಊರ ಹಿರಿಯರು ಸೇರಿ ಮಾತಾಡಿದರು. ಅಮಾವಾಸ್ಯೆಯವರೆಗೆ ನೋಡೋಣ, ಅವನ ಕೈಯ ಕಾಗದ ಬರದಿದ್ದರೆ ಹುಡುಗಿಯ ಬಳೆ ತೆಗೆಸಿ ಅವನ ದಿನಕರ್ಮ ಮಾಡಿಬಿಡೋಣ, ಎಂದು ತೀರ್ಮಾನವಾಯಿತು. ಅಣ್ಣ ಅಳುತ್ತಲೇ ಹೋಗಿ ಅಡುಗೆಯವನಿಗೆ ಹೇಳಿಬಂದ. ಕುಂಬಳಕಾಯಿಯನ್ನೂ ತರಿಸಿಟ್ಟ.

"ಭಾವ, ಅಷ್ಟು ಅವಸರ ಬೇಡ" ಎಂದಳು ಹೆಂಡತಿ. ಬಳೆಯಿದ್ದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಆಮೇಲೆ ಇದ್ದಿಲು ತೆಗೆದುಕೊಂಡು ಒಂದು ಹಾಳೆಯ ಮೂಲೆಯಲ್ಲಿ ಮೂರು ಕಾಲಿನ ಎತ್ತೊಂದನ್ನು ಬರೆದಳು. ಉಳಿದ ಜಾಗವನ್ನು ಖಾಲಿ ಬಿಟ್ಟಳು. ಅದನ್ನು ಕಳಿಸಿದಳು.

ಅದು ಪಟ್ಟಣ ಮುಟ್ಟಿತು. ಕಾಗದದ ಜೊತೆಗೆ ಬಾಯಿಮಾತೂ ಗಾಡಿಯಿಂದ ಗಾಡಿಗೆ ಬಂದಿತ್ತು.

"ನಿನ್ನ ದಿನಕ್ಕೆ ಕುಂಬಳಕಾಯಿ ತಂದಿಟ್ಟಿದ್ದಾರಂತೆ. ಅಮಾವಾಸ್ಯೆಗೆ ಬಳೆ ತೆಗೆಸುತ್ತಾರಂತೆ" ಎಂದ ಗಾಡಿಯವನು.

"ನಾನು ಬದುಕಿದ್ದೀನಲ್ಲೋ!"

"ನನಗೆ ಕಾಣುತ್ತದೆ. ಅವರಿಗೆ ಕಾಣಬೇಕಲ್ಲ."

"ಹಾಗಾದರೆ ಹೇಳಿ ಕಳಿಸು."

"ಬಾಯಲ್ಲಿ ಹೇಳಿ ಕಳಿಸಿದರೆ ಊರು ಮುಟ್ಟುವ ಹೊತ್ತಿಗೆ ಎತ್ತು ಬದುಕಿದೆ, ನೀನು ಹೋದೆ ಅಂತ ಆಗಿರುತ್ತದೆ. ಕಾಗದ ಬರಿ. ನಾಳೆ ಬೆಳಗ್ಗೆ ಗಾಡಿ ಕಟ್ಟುತ್ತೇನೆ."

ತಾನೇ ಹೊರಟರೆ ಅವನ ಎತ್ತಿನ ನಡಿಗೆಗೆ ಅಮಾವಾಸ್ಯೆ ಕಳೆದುಹೋಗುತ್ತಿತ್ತು. ಕಾಗದವಾದರೆ ಗಾಡಿಯಿಂದ ಗಾಡಿಗೆ ದಾಟಿ ಮೊದಲೇ ಮುಟ್ಟುತ್ತಿತ್ತು. ವ್ಯಾಪಾರಿ ಗಾಬರಿಯಲ್ಲಿ ಎಲ್ಲಿಗೆ ಓಡಬೇಕೋ ತಿಳಿಯದೆ ಚಿತ್ರಗಾರನ ಹತ್ತಿರವೇ ಓಡಿದ.

"ಸ್ವಾಮಿ, ಕೆಟ್ಟದಾಗಿ ಬರೆದುಕೊಡಿ."

ಚಿತ್ರಗಾರನಿಗೆ ಸಿಟ್ಟು ಬಂತು. ವಿಷಯ ತಿಳಿದ ಮೇಲೆ ಮರುಕ ಬಂತು. ಅವನೂ ಹೆಂಡತಿ ಮಕ್ಕಳು ಇದ್ದವನು. ಕುಂಚ ತೆಗೆದುಕೊಂಡು ಮೂರು ಕಾಲಿನ ಎತ್ತು ಬರೆದ. ಅದು ಗುಡಿಯ ಬಸವಣ್ಣ ಒಂದು ಕಾಲು ಮಡಿಸಿ ನಿಂತ ಹಾಗೆ ಬಂತು.

"ಚೆನ್ನಾಗಿದೆ ಸ್ವಾಮಿ. ಬೇಡ" ಎಂದ ವ್ಯಾಪಾರಿ.

ಚಿತ್ರಗಾರ ಎಡಗೈಯಲ್ಲಿ ಬರೆದ. ಎತ್ತು ಮಂಜಿನಲ್ಲಿ ನಡೆದುಬರುತ್ತಿರುವ ಹಾಗಿತ್ತು. ಮುಂಚಿನದಕ್ಕಿಂತ ಚೆನ್ನಾಗಿತ್ತು. ಕೊನೆಗೆ ಕಣ್ಣು ಮುಚ್ಚಿಕೊಂಡು ಬರೆದ. ಬೀದಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ಅದನ್ನು ನೋಡಿ ಕೈಮುಗಿದು ಹೋದಳು.

ವ್ಯಾಪಾರಿ ಅಳುವುದೊಂದು ಬಾಕಿ. ಚಿತ್ರಗಾರ ಬೆವರು ಒರೆಸಿಕೊಂಡ.

"ನನ್ನಿಂದ ಆಗದಪ್ಪ. ನನ್ನ ತಪ್ಪು ಬೇಕಾದರೆ ಮಾಡಿಯೇನು. ನಿನ್ನ ತಪ್ಪು ನನಗೆ ಹೇಗೆ ಬರಬೇಕು? ತಗೋ, ನೀನೇ ಬರಿ."

ವ್ಯಾಪಾರಿ ಕುಂಚ ಹಿಡಿದ. ಹೆದರಿಕೆಗೆ ನಾಲಿಗೆ ಕಚ್ಚಿಕೊಂಡು, ಒಂದೊಂದೇ ಗೆರೆ ನೋಡಿ ನೋಡಿ ಎಳೆದ. ಮುಗಿದ ಮೇಲೆ ಇಬ್ಬರೂ ಬಗ್ಗಿ ನೋಡಿದರು.

"ಒಂದು ಕಾಲು ಹೆಚ್ಚಾಯಿತು" ಎಂದ ಚಿತ್ರಗಾರ.

ಒಳ್ಳೆಯದನ್ನು ನೋಡಿ ನೋಡಿ ವ್ಯಾಪಾರಿಯ ಕೈ ಕೆಟ್ಟುಹೋಗಿತ್ತು. ಇನ್ನೊಂದು ಬರೆದ. ಅದಕ್ಕೂ ನಾಲ್ಕು ಕಾಲು.

ಸಂಜೆಯಾಯಿತು. ವ್ಯಾಪಾರಿ ಕುಂಚ ಅಲ್ಲೇ ಇಟ್ಟು ಎದ್ದ. ದುಃಖಕ್ಕೆ ಹೊಟ್ಟೆ ಹಸಿದಿತ್ತು. ದಾರಿಯಲ್ಲಿ ಬಜ್ಜಿ ಕೊಂಡ. ಛತ್ರದ ಮೂಲೆಯಲ್ಲಿ ಕೂತು ಅದನ್ನು ತಿನ್ನುತ್ತ ಹೆಂಡತಿಯ ಕೈಬಳೆಯನ್ನು ನೆನೆದ. ಒಲೆಯಿಂದ ಇದ್ದಿಲಿನ ಚೂರು ಎತ್ತಿಕೊಂಡ. ಎತ್ತಿನ ಯೋಚನೆ ಮಾಡಲೇ ಇಲ್ಲ. ನಾನು ಇದ್ದೇನೆ ಕಣೇ ಎಂದು ಹೇಳುವ ಭರದಲ್ಲಿ ಮೊದಲು ರುಮಾಲು ಬರೆದ. ಹಿಂದೆಂದೂ ಬರೆಯದಷ್ಟು ದೊಡ್ಡದಾಗಿ ಬರೆದ. ಆಮೇಲೆ ಮೀಸೆ, ಕೆಳಗೆ ಇಳಿದ ಮೀಸೆ. ಆಮೇಲೆ ಹೊಟ್ಟೆ. ಎತ್ತಿನ ಪಾಳಿ ಬಂದಾಗ ಕಾಗದ ಮುಗಿದಿತ್ತು.

ರೇಷ್ಮೆ ವ್ಯಾಪಾರಿಗಳು ಮತ್ತೆ ನಕ್ಕರು. ಇವನಿಗೆ ಕೇಳಿಸಲಿಲ್ಲ.

ಅಮಾವಾಸ್ಯೆಯ ದಿನ ಊರಲ್ಲಿ ಅಡುಗೆಯವನು ಕುಂಬಳಕಾಯಿಯ ಮುಂದೆ ಈಳಿಗೆ ಇಟ್ಟುಕೊಂಡು ಕೂತಿದ್ದ. ಹೆಂಡತಿಯ ಸುತ್ತ ಹೆಂಗಸರು ಸೇರಿದ್ದರು. ಹಿರಿಯಳೊಬ್ಬಳು ಅವಳ ಕೈ ಹಿಡಿದಿದ್ದಳು. ಆಗ ಗಾಡಿ ಬಂತು.

ಅವಳು ಕೈ ಬಿಡಿಸಿಕೊಂಡು ಕಾಗದ ಬಿಚ್ಚಿದಳು. ರುಮಾಲು ನೋಡಿದಳು. ಮೂಲೆಗೆ ತುರುಕಿದ ಎತ್ತಿನ ಮೂರು ಕಾಲು ನೋಡಿದಳು. ಬೆರಳಿನ ಗುರುತಿದ್ದ ಕಡೆ ಮೂಸಿ ನೋಡಿದಳು.

"ಬಜ್ಜಿ" ಎಂದಳು.

ಹೆಂಗಸರೆಲ್ಲ ಕಾಗದದ ಮೇಲೆ ಬಗ್ಗಿದರು.

"ಇದ್ದಾರೆ. ಹೊಟ್ಟೆ ಮಾತ್ರ ಕೆಟ್ಟಿರುತ್ತದೆ." ಅಲ್ಲಿಯವರೆಗೆ ಅಳದಿದ್ದವಳು ಆ ಕಾಗದವನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಮುಖವೆಲ್ಲ ಮಸಿಯಾಯಿತು. ಮೀಸೆಯ ಅರ್ಧ ಭಾಗ ಅವಳ ಕೆನ್ನೆಗೆ ಬಂದಿತ್ತು. ನೆರೆಯವರು ಅದನ್ನು ನೋಡಿ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದರು.

"ಈ ಕುಂಬಳಕಾಯಿ ಏನು ಮಾಡೋಣ?" ಎಂದ ಅಣ್ಣ.

"ಹುಳಿ ಮಾಡಿಸಿ ಭಾವ. ತಮ್ಮದೇ ದಿನದ ಊಟ ಅವರೂ ಉಣ್ಣಲಿ, ಒಂದು ಹೋಳು ಎತ್ತಿಡಿ" ಎಂದಳು ಹೆಂಡತಿ.

ಚಿತ್ರಗಾರ ಬರೆದ ಕಾಗದವನ್ನೂ ಅವಳು ಎಸೆಯಲಿಲ್ಲ. ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದಳು. ಗಟ್ಟಿ ಕಾಗದ. ಬಹಳ ದಿನ ಬಂತು.

ಕತೆ ಅಲ್ಲಿಗೆ ನಿಂತಿತು. ಚೆನ್ನಮಲ್ಲ ನಗುತ್ತಿದ್ದ. ನಗು ಮುಗಿದ ಮೇಲೆ ತಲೆ ಕೆರೆದುಕೊಂಡ.

"ಹಾಗಾದರೆ ಚೆನ್ನಾಗಿ ಬರೆಯುವುದೇ ತಪ್ಪೋ ಅಜ್ಜಾರೇ?"

"ಯಾರು ಹೇಳಿದರು? ಆ ಚಿತ್ರಗಾರ ತನ್ನ ಹೆಂಡತಿಗೆ ಬರೆದರೆ ಚೆನ್ನಾಗಿಯೇ ಬರೆಯಬೇಕು. ಇಲ್ಲದಿದ್ದರೆ ಆಕೆ ಗಾಬರಿಯಾಗುತ್ತಾಳೆ."

ಅಜ್ಜಾರು ಮಸಿಯ ಕುಡಿಕೆಯನ್ನೂ ಒಂದು ಬಿಳಿ ಹಾಳೆಯನ್ನೂ ಶಿಷ್ಯನ ಮುಂದಕ್ಕೆ ಸರಿಸಿದರು. ಚೆನ್ನಮಲ್ಲ ಹಾಳೆಯನ್ನು ನೋಡಿದ. ಗಿಳಿಯಿದ್ದ ಅಚ್ಚಿನ ಕಾಗದವನ್ನು ನೋಡಿದ. ಲೇಖನಿ ಮುಟ್ಟಲಿಲ್ಲ.

"ಆದರೂ ಅಜ್ಜಾರೇ, ನನ್ನ ಗೀಚು ನೋಡಿ ನಮ್ಮವ್ವ ಏನಂದುಕೊಂಡಾಳು?"

ಅಜ್ಜಾರು ಕೇಳಿದರು: "ಯುಗಾದಿ ಬಂದಾಗಲೆಲ್ಲ ನಿಮ್ಮವ್ವ ಅಡುಗೆಮನೆ ಗೋಡೆಗೆ ಸುಣ್ಣ ಬಳಿಯುತ್ತಾಳಲ್ಲ, ಆ ಆನೆ ಇನ್ನೂ ಹೇಗೆ ಉಳಿದಿದೆ?"